ಗಟ್ಟಿ ಕಟ್ಟಿದ ಜೇನು

ವಿಲ್ಲಿಂಗ್ಡನ್ ಐಲ್ಯಾಂಡ್, ಕೊಚ್ಚಿ
21 ಜುಲೈ 2002

ಪ್ರೀತಿಯ ಗಣೇಶನಿಗೆ,

ಇಲ್ಲಿ ನಾನು, ನಿನ್ನ ಭಾವ, ಕೋಲಂಚೇರಿಯಲ್ಲಿರುವ ನನ್ನ ಜೇನುಪೆಟ್ಟಿಗೆಗಳ ಸಂಸಾರ ಎಲ್ಲ ಸುಖ. ನೀನು ರೈಲಿನಲ್ಲಿ ಸೊಂಟ ಹಿಡಿದುಕೊಂಡೇ ಕೂತಿದ್ದೆ ಎಂದು ನಿನ್ನ ಹೆಂಡತಿ ದೀಪ್ತಿಯೇ ಫೋನಿನಲ್ಲಿ ಹೇಳಿದಳು. ಬಸ್‌ಸ್ಟಾಪಿನಿಂದ ತೋಟದವರೆಗೆ ಒಂದು ಸಕ್ಕರೆ ಚೀಲ ಹೊತ್ತದ್ದಕ್ಕೆ ಇಷ್ಟಾ ಮಾರಾಯ? ಸೆಕ್ರೆಟೇರಿಯಟ್ಟಿನ ಕಾನೂನು ಇಲಾಖೆಯಲ್ಲಿ ಫೈಲು ಬಿಟ್ಟು ಬೇರೆ ಎಂತದೂ ಎತ್ತಿಸುವುದಿಲ್ಲ ಎಂದು ಕಾಣುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳೋಣ ಎಂದರೆ ಭಾವನ ಕಣ್ಣು ಗಡಿಯಾರದ ಮೇಲೆ. ಹೊತ್ತು ಮೀರಿ ನಿಂತ ಹಡಗುಗಳಿಗೆ ಬಾಡಿಗೆ ಹಾಕಿ ಹಾಕಿ ಪೋರ್ಟಿನವರಿಗೆ ಅದೇ ಅಭ್ಯಾಸ. ಹಾಗಾಗಿ ಬರೆಯುವುದೇ ಒಳ್ಳೆಯದು.

ಜೇನು ಕೊಡಬೇಕಾದ ಹುಳಕ್ಕೆ ನೀನೇ ಸಕ್ಕರೆ ಪಾಕ ಕುಡಿಸುವುದು ಎಂತ ಕಥೆ ಅಕ್ಕ ಎಂದು ಕೇಳಿದೆಯಲ್ಲ. ಆಗ ಮಳೆ ಜೋರಿತ್ತು, ನನ್ನ ಉತ್ತರ ನಿನಗೆ ಕೇಳಿತೋ ಇಲ್ಲವೋ. ಮಳೆಗಾಲದಲ್ಲಿ ಅವಕ್ಕೆ ಹೊರಗೆ ಹಾರಲು ಆಗುವುದಿಲ್ಲ, ಹಾರಿದರೂ ರಬ್ಬರ್ ತೋಟದಲ್ಲಿ ಎಂತದೂ ಸಿಗುವುದಿಲ್ಲ. ಕೂಡಿಟ್ಟದ್ದನ್ನು ನಾವು ಬೇಸಿಗೆಯಲ್ಲೇ ತೆಗೆದಿರುತ್ತೇವೆ. ತಿನ್ನುವವರ ತಟ್ಟೆಯಿಂದ ಅನ್ನ ತೆಗೆದ ಮೇಲೆ ಗಂಜಿಯಾದರೂ ಬಡಿಸಬೇಡವಾ? ಆ ಪಾಕವನ್ನು ಅವು ಕುಡಿದು ಮುಗಿಸುತ್ತವೆ. ಉಳಿದರೂ ಪೆಟ್ಟಿಗೆಯ ಕೆಳಗಿನ ಕೋಣೆಯಲ್ಲಿ, ಮರಿಗಳ ಪಕ್ಕದಲ್ಲಿ ಉಳಿಯುತ್ತದೆ. ಜನವರಿಯಲ್ಲಿ ರಬ್ಬರ್ ಚಿಗುರುವ ಹೊತ್ತಿಗೆ ನಾನು ಪೆಟ್ಟಿಗೆಯ ಮೇಲೆ ಇನ್ನೊಂದು ಖಾಲಿ ಕೋಣೆ ಇಡುತ್ತೇನೆ. ಅದರಲ್ಲಿ ಅವು ತುಂಬಿಸಿದ್ದು ಮಾತ್ರ ನಮ್ಮದು. ಕೆಳಗಿನದಕ್ಕೆ ನಾನು ಕೈ ಹಾಕುವುದಿಲ್ಲ.

ಕೃಷಿಭವನದ ತರಬೇತಿಗೆ ಹೋದಾಗ ಹಿಂದಿನ ಬೆಂಚಿನ ಗಂಡಸರು ನಗುತ್ತಿದ್ದರು. ಎರಡು ಪೆಟ್ಟಿಗೆಯಿಂದ ಶುರು ಮಾಡಿದ್ದು, ಈಗ ಊರಿಗೆಲ್ಲ ಹಿರಿಯಕ್ಕನಾದ ಏಲಿಯಾಮ್ಮ ಚೇಡತ್ತಿಯ ರಬ್ಬರ್ ತೋಟದಲ್ಲಿ ಒಂದು ಸಾಲು ಪೂರ್ತಿ ನನ್ನದೇ. ಬಾಟಲಿಯ ಮೇಲೆ ಹೆಸರು ಯಾಕೆ ದೊಡ್ಡದಾಗಿ ಹಾಕಿಸಿದೆ ಎಂದು ನೀನು ನಕ್ಕೆ. ನಗು. ಇಷ್ಟು ವರ್ಷ ನಾನು ಮಾಸ್ಟರ ಮಗಳು, ಉಪೇಂದ್ರರ ಹೆಂಡತಿ, ಗಣೇಶಪ್ರಸಾದ್ ಸಾರಿನ ಅಕ್ಕ. ಕೋಲಂಚೇರಿ ಪೇಟೆಯಲ್ಲಿ ಮಾತ್ರ ನಾನು ರಾಜೀವಿ. ಅಂಗಡಿಗೆ ಬಂದವರು 'ರಾಜೀವಿ ತೇನ್' ಉಂಟಾ ಎಂದು ಕೇಳುತ್ತಾರೆ.

ಅಷ್ಟಮಿಯ ಪಂಚಾಮೃತಕ್ಕೆ ನನ್ನ ಜೇನೇ ಆಗಬೇಕು ಎಂದೆಯಲ್ಲ, ನೀನು ಒಯ್ದ ರಟ್ಟಿನ ಡಬ್ಬದಲ್ಲಿ ಅದಕ್ಕೂ ಸೇರಿಸಿ ಇಟ್ಟಿದ್ದೇನೆ. ನಿಮ್ಮ ಕನ್ನಡ ಬಳಗದವರು ಕೇಳಿದ ಬಾಟಲಿಗಳೂ ಅದರಲ್ಲೇ ಉಂಟು. ಸೊಂಟಕ್ಕೆ ಎಣ್ಣೆ ಹಚ್ಚಿಸಿಕೋ.

ಇಲ್ಲಿಯ ಮಳೆಯ ಮಧ್ಯದಿಂದ,
ನಿನ್ನ ಅಕ್ಕ ರಾಜೀವಿ

*

ಉಳ್ಳೂರ್, ತಿರುವನಂತಪುರ
12 ಸೆಪ್ಟೆಂಬರ್ 2002

ಅಕ್ಕನಿಗೆ ಗಣೇಶನ ನಮಸ್ಕಾರಗಳು.

ಒಂದು ಅಹಿತಕರ ವಿಷಯ ತಿಳಿಸಬೇಕಾಗಿದೆ. ಫೋನಿನಲ್ಲಿ ಹೇಳುವ ಧೈರ್ಯ ಆಗಲಿಲ್ಲ.

ಅಷ್ಟಮಿಯ ದಿನ ಪೂಜೆಗೆ ಬಳಗದವರೆಲ್ಲ ಸೇರಿದ್ದೆವು. ಪಂಚಾಮೃತಕ್ಕೆ ಎಂದು ನಿನ್ನ ಬಾಟಲಿಯ ಮುಚ್ಚಳ ತೆಗೆದರೆ ಜೇನು ಬೀಳಲಿಲ್ಲ. ಬಾಟಲಿಯನ್ನು ತಲೆಕೆಳಗು ಹಿಡಿದರೂ ಬೀಳಲಿಲ್ಲ. ಭಟ್ಟರು ಚಮಚ ಹಾಕಿ ಕೆರೆದರು. ಬಿಳಿಚಿಕೊಂಡು, ಹರಳು ಹರಳಾಗಿ ಬಂತು. ಇಂದುಮತಿ ಟೀಚರ್ ಬೆರಳಿನಲ್ಲಿ ಉಜ್ಜಿ ನೋಡಿ "ಇದು ಸಕ್ಕರೆ" ಎಂದರು. ಅವರೂ ನಮ್ಮ ಕಾಸರಗೋಡಿನ ಕಡೆಯವರು, ಮುಳ್ಳೇರಿಯದವರು, ಜೇನು ಕಾಣದವರಲ್ಲ. ಊರಿನ ಜೇನು ಎಷ್ಟು ವರ್ಷ ಇಟ್ಟರೂ ಎಣ್ಣೆಯ ಹಾಗೆ ಇರುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಉಳಿದವರು ತಮ್ಮ ಮನೆಯ ಬಾಟಲಿಗಳನ್ನು ನೋಡಿದರು. ಎಲ್ಲ ಹಾಗೇ. ಮಾರನೆಯ ದಿನದಿಂದ ಒಂದೊಂದಾಗಿ ವಾಪಸು ಬರಲು ಶುರುವಾಯಿತು. ದೀಪ್ತಿ ಅವನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಜೋಡಿಸಿಟ್ಟಿದ್ದಾಳೆ.

ನಾನು ಬಳಗದ ಕಾರ್ಯದರ್ಶಿ. ಜೇನು ತಂದವನೂ ನಾನೇ. ಕಳೆದ ಭಾನುವಾರದ ಸಭೆಯಲ್ಲಿ ಅಧ್ಯಕ್ಷ ವಿಠಲ ರಾಯರು ಏನೂ ಕೇಳಲಿಲ್ಲ, ಸುಮ್ಮನೆ ನನ್ನನ್ನು ನೋಡಿದರು. ನಾನು ಎದ್ದು ನಿಂತು ನನ್ನ ಅಕ್ಕನ ಪರವಾಗಿ ಕ್ಷಮೆ ಕೇಳಿದೆ. ತಿಳಿಯದೆ ಆದ ತಪ್ಪು, ಇನ್ನು ಹೀಗಾಗದು ಎಂದೆ. ವಿಷಯ ಅಲ್ಲಿಗೇ ಮುಗಿಯಿತು. ದೊಡ್ಡ ಮನಸ್ಸು ಎಂದು ಎಲ್ಲರೂ ಹೇಳಿದರು.

ನೀನು ಬೇಕೆಂದೇ ಮಾಡಿದ್ದೀ ಎಂದು ನಾನು ಹೇಳುವುದಿಲ್ಲ. ಆದರೆ ಆ ಸಕ್ಕರೆಯನ್ನು ನಾನೇ ಹೊತ್ತವನಲ್ಲವಾ. ಬೇಸರ ಮಾಡಿಕೊಳ್ಳಬೇಡ. ಮರ್ಯಾದೆ ಉಳಿಯಿತು.

ನಿನ್ನ ತಮ್ಮ,
ಗಣೇಶಪ್ರಸಾದ್

*

ವಿಲ್ಲಿಂಗ್ಡನ್ ಐಲ್ಯಾಂಡ್
17 ಸೆಪ್ಟೆಂಬರ್ 2002

ಗಣೇಶ,

ನಿನ್ನ ಪತ್ರ ಓದಿ ಭಾವನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿ ಓದಿ, ಕಾಫಿಯನ್ನೂ ಕುಡಿಯದೆ ಆಫೀಸಿಗೆ ಹೊರಟರು. ಅವರಿಗೆ ನನ್ನ ಮುಖ ಗೊತ್ತುಂಟು.

ಮೊದಲು ಜೇನಿನ ವಿಷಯ. ರಬ್ಬರಿನ ಜೇನು ಗಟ್ಟಿ ಕಟ್ಟುತ್ತದೆ. ಅದು ಅದರ ಜಾತಿ. ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗುವುದಿಲ್ಲವಾ, ಅದಕ್ಕೆ ಮೇಣ ಬೆರೆಸಿದ್ದಾರೆ ಎಂದು ಯಾರಾದರೂ ಹೇಳುತ್ತಾರಾ? ನಾವು ಕಾಸರಗೋಡಿನವರು ಸಣ್ಣದಿಂದ ತಿಂದದ್ದು ಕಾಡಿನ ಜೇನು. ಅದು ಗಟ್ಟಿಯಾದದ್ದನ್ನು ನಾವು ನೋಡಿಲ್ಲ. ನಾವು ನೋಡದ್ದು ಲೋಕದಲ್ಲೇ ಇಲ್ಲ, ಅಲ್ಲವಾ. ಏಲಿಯಾಮ್ಮ ಚೇಡತ್ತಿಗೆ ಹೇಳಿದರೆ ಅವರು ನಕ್ಕು ನಕ್ಕು ಕೆಮ್ಮಿದರು. ಅವರ ಮನೆಯಲ್ಲಿ ಗಟ್ಟಿ ಜೇನನ್ನು ಚಮಚದಲ್ಲಿ ತೆಗೆದು ಅಪ್ಪಕ್ಕೆ ಹಚ್ಚಿ ತಿನ್ನುತ್ತಾರೆ. ನಿಮಗೆ ನೀರಾಗಿಯೇ ಬೇಕಾದರೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಲು ದೀಪ್ತಿಗೆ ಹೇಳು.

ಇನ್ನು ನಿನ್ನ ವಿಷಯ. ಇಂದುಮತಿ ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ನನ್ನ ಮುಖವನ್ನೇ ನೋಡಿದವರಲ್ಲ. ನೀನು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಆ ಕಳ್ಳನಾದರೂ ಮುಟ್ಟಿದ್ದು ತನ್ನ ಹೆಗಲನ್ನು. ನೀನು ನನ್ನ ಹೆಗಲು ತೋರಿಸಿದೆ. ಒಂದು ಫೋನು ಮಾಡಿ "ಅಕ್ಕ, ಹೀಗೆ ಹೇಳುತ್ತಾರೆ, ಹೌದಾ" ಎಂದು ಕೇಳಲಿಲ್ಲ. ನನ್ನ ಪರವಾಗಿ ಕ್ಷಮೆ ಕೇಳಲು ನಿನಗೆ ವಕಾಲತ್ತು ಕೊಟ್ಟವರು ಯಾರು? ಅವರೆಲ್ಲ ಸಂಶಯ ಪಟ್ಟಿದ್ದರು, ಅಷ್ಟೆ. ನೀನು ಎದ್ದು ನಿಂತು ತೀರ್ಪು ಕೊಟ್ಟೆ. ತಮ್ಮನೇ ಒಪ್ಪಿಕೊಂಡ ಮೇಲೆ ಇನ್ನು ಯಾರ ಬಾಯಿ ಮುಚ್ಚಿಸಲಿ?

ಯಾರ ಮರ್ಯಾದೆ ಉಳಿಯಿತು ಎಂದು ಬರೆದದ್ದು? ನಿನ್ನದು. ನನ್ನದನ್ನು ಕೊಟ್ಟು ನಿನ್ನದನ್ನು ಉಳಿಸಿಕೊಂಡೆ.

ಯಾವ ಸಭೆಯಲ್ಲಿ ಕ್ಷಮೆ ಕೇಳಿದೆಯೋ ಅದೇ ಸಭೆಯಲ್ಲಿ ನಿಂತು ಅದನ್ನು ವಾಪಸು ತೆಗೆದುಕೋ. ಬಾಟಲಿಗಳನ್ನು ಅವರು ವಾಪಸು ಕೊಟ್ಟಿದ್ದಾರೆ, ಈಗ ನಿನ್ನ ಸರದಿ.

ರಾಜೀವಿ ಉಪೇಂದ್ರ

*

ಉಳ್ಳೂರ್
5 ಅಕ್ಟೋಬರ್ 2002

ಅಕ್ಕನಿಗೆ ನಮಸ್ಕಾರ.

ಅಕ್ಕ ಎಂದು ಸಹಿ ಹಾಕದ ಪತ್ರ ನಿನ್ನಿಂದ ಬಂದದ್ದು ಇದೇ ಮೊದಲು. ಅದನ್ನು ಓದಿ ಆಫೀಸಿನಲ್ಲಿ ಎರಡು ಕಡತಗಳಿಗೆ ತಪ್ಪು ಟಿಪ್ಪಣಿ ಬರೆದೆ.

ದೀಪ್ತಿ ನೀನು ಹೇಳಿದ ಹಾಗೆ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟಳು. ಜೇನು ಕರಗಿ ಮೊದಲಿನ ಬಣ್ಣಕ್ಕೆ ಬಂತು. ಅವಳಿಗೆ ಅಷ್ಟೇ ಸಾಕಾಯಿತು. ಸಕ್ಕರೆ ಪಾಕವೂ ಬಿಸಿನೀರಿನಲ್ಲಿ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ಎಂದೆ. "ಯಾರಾದರೂ ಎಂದರೆ ನೀವೇ ಅಲ್ಲವಾ" ಎಂದು ಹೇಳಿ ಒಳಗೆ ಹೋದಳು. ಅಂದಿನಿಂದ ಈ ಮನೆಯಲ್ಲಿ ನನಗೆ ಚಪಾತಿಗೆ ಜೇನು ಇಲ್ಲ. ಅವಳು ಮಾತ್ರ ನನ್ನ ಎದುರಿಗೇ ಹಚ್ಚಿಕೊಂಡು ತಿನ್ನುತ್ತಾಳೆ.

ನಿನ್ನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಸಭೆಯಲ್ಲಿ ಹೇಳಿದ್ದನ್ನು ಇನ್ನೊಂದು ಸಭೆಯಲ್ಲಿ ಅಲ್ಲ ಎನ್ನಬೇಕಾದರೆ ಕೈಯಲ್ಲಿ ಏನಾದರೂ ಬೇಕು. ಇಪ್ಪತ್ತಾರು ವರ್ಷ ಸಾಕ್ಷಿ ಇಲ್ಲದೆ ಒಂದು ವಾಕ್ಯ ಬರೆದವನಲ್ಲ ನಾನು. ಅದಕ್ಕೆ ಒಂದು ದಾರಿ ಯೋಚಿಸಿದ್ದೇನೆ. ಫೆಬ್ರವರಿಯಲ್ಲಿ ನೀನು ಜೇನು ತೆಗೆಯುವಾಗ ನಾನು ವಿಠಲ ರಾಯರನ್ನು ಕರೆದುಕೊಂಡು ತೋಟಕ್ಕೆ ಬರುತ್ತೇನೆ. ಎಲ್ಲವನ್ನೂ ಕಣ್ಣಾರೆ ನೋಡುತ್ತೇವೆ. ಒಂದು ಬಾಟಲಿ ತಂದು ಇಡುತ್ತೇನೆ. ಗಟ್ಟಿಯಾದರೆ ಎಲ್ಲರ ಎದುರು ನಾನೇ ಹೇಳುತ್ತೇನೆ. ಯಾರೂ ಬೆರಳು ತೋರಿಸುವ ಹಾಗಿಲ್ಲ. ಇದು ನಿನಗೂ ಒಳ್ಳೆಯದು.

ನಿನ್ನ ತಮ್ಮ,
ಗಣೇಶ

*

ವಿಲ್ಲಿಂಗ್ಡನ್ ಐಲ್ಯಾಂಡ್
14 ಅಕ್ಟೋಬರ್ 2002

ಗಣೇಶ,

ಬೇಡ.

ಫೆಬ್ರವರಿಯಲ್ಲಿ ವಿಠಲ ರಾಯರು ಬರಲಿ, ಇಂದುಮತಿ ಟೀಚರ್ ಬರಲಿ, ದಾರಿಯಲ್ಲಿ ಹೋಗುವವರೂ ಬರಲಿ. ನೋಡಿದರೆ ಅವರು ನಂಬುತ್ತಾರೆ. ಕಣ್ಣಾರೆ ಕಂಡ ಮೇಲೆ ನಂಬಲು ತಮ್ಮನೇ ಬೇಕಾ? ಅದಕ್ಕೆ ಊರವರು ಸಾಕು. ನೀನು ಹೇಳುವುದಿದ್ದರೆ ಕಾಣುವ ಮೊದಲು ಹೇಳಬೇಕು. ಜನವರಿಯಲ್ಲಿ ರಬ್ಬರ್ ಚಿಗುರುತ್ತದೆ, ನಾನು ಮೇಲಿನ ಕೋಣೆ ಇಡುತ್ತೇನೆ. ಅದಕ್ಕೆ ಮೊದಲು. ಆಮೇಲೆ ನೀನು ಎಂತ ಹೇಳಿದರೂ ಅದು ಸಾಕ್ಷಿಯ ಮಾತು, ನಿನ್ನದಲ್ಲ.

ಸಾಕ್ಷಿ ಇಲ್ಲದೆ ವಾಕ್ಯ ಬರೆದವನಲ್ಲವಂತೆ. ಅಕ್ಕನ ಪರವಾಗಿ ಕ್ಷಮೆ ಕೇಳುವಾಗ ಯಾವ ಸಾಕ್ಷಿ ಇತ್ತು?

ಇಲ್ಲಿ ಕಡಜಗಳ ಕಾಟ. ಪೆಟ್ಟಿಗೆಯ ಬಾಗಿಲಲ್ಲೇ ಕಾದು ನಿಂತು ನನ್ನ ಹುಳಗಳನ್ನು ಒಂದೊಂದಾಗಿ ಹಿಡಿದುಕೊಂಡು ಹೋಗುತ್ತವೆ. ಭಾವನ ಹಳೆಯ ಶಟ್ಲ್ ಬ್ಯಾಟು ಹಿಡಿದು ಬೆಳಗ್ಗೆಯೆಲ್ಲ ಅಲ್ಲೇ ನಿಂತಿದ್ದೆ. ಚೇಡತ್ತಿ ಜಗಲಿಯಲ್ಲಿ ಕೂತು ಲೆಕ್ಕ ಹಿಡಿದರು. ತೋಳು ನೋಯುತ್ತದೆ, ಆದರೆ ಒಂದು ಪೆಟ್ಟಿಗೆಯನ್ನೂ ಬಿಟ್ಟುಕೊಡಲಿಲ್ಲ. ಇದನ್ನು ನಿನಗೆ ಯಾಕೆ ಬರೆದೆನೋ ಗೊತ್ತಿಲ್ಲ, ಅಭ್ಯಾಸ.

ಇನ್ನು ನಾನು ಬರೆಯುವುದಿಲ್ಲ. ದೀಪ್ತಿಗೆ ನನ್ನ ಪ್ರೀತಿ ಹೇಳು.

ರಾಜೀವಿ

*

ಉಳ್ಳೂರ್
16 ನವೆಂಬರ್ 2002

ಅಕ್ಕ,

ದೀಪಾವಳಿಗೆ ಫೋನು ಮಾಡಿದೆ. ನೀನು ಸ್ನಾನಕ್ಕೆ ಹೋಗಿದ್ದೀ ಎಂದು ಭಾವ ಹೇಳಿದರು. ಸಂಜೆ ಮಾಡಿದೆ, ಸ್ನಾನ. ನಿನ್ನೆ ಮಾಡಿದೆ, ಸ್ನಾನ. ಐಲ್ಯಾಂಡಿನಲ್ಲಿ ನೀರಿಗೆ ಏನೂ ಬರ ಇಲ್ಲ ಎಂದು ತಿಳಿದು ಸಂತೋಷ.

ಈ ತಿಂಗಳ ಸಭೆ ಆಯಿತು. ಎದ್ದು ನಿಲ್ಲಬೇಕು ಎಂದೇ ಹೋಗಿದ್ದೆ. ವರದಿ ಓದಿ ಕೂತೆ. ಆಗಲಿಲ್ಲ ಅಕ್ಕ. ಸಾಕ್ಷಿ ಎಲ್ಲಿ ಎಂದು ಅವರು ಕೇಳುತ್ತಾರೆ. ನನ್ನ ಸ್ವಭಾವ ನಿನಗೆ ಗೊತ್ತು. ಫೆಬ್ರವರಿಯವರೆಗೆ ತಡೆಯಬಾರದಾ?

ಗಣೇಶ

*

ಕೊಚ್ಚಿ
3 ಡಿಸೆಂಬರ್ 2002

ಗಣೇಶಪ್ರಸಾದ್,

ಭಾವನಿಂದ ಕಾರ್ಡು ಬಂತು ಎಂದು ಗಾಬರಿಯಾಗಬೇಡ, ಎಲ್ಲರೂ ಕ್ಷೇಮ. ನಿನ್ನ ಅಕ್ಕ ಚೆನ್ನಾಗಿ ಕೆಲಸ ಮಾಡುತ್ತಿದ್ದಾಳೆ. ಮಳೆ ನಿಂತ ಮೇಲೆ ಹುಳಗಳು ಹೆಚ್ಚಾದವು, ದೊಡ್ಡ ಸಂಸಾರಗಳನ್ನೆಲ್ಲ ಪಾಲು ಮಾಡಿ ಹೊಸ ಪೆಟ್ಟಿಗೆಗೆ ಹಾಕಿದಳು. ಒಂದು ಪೆಟ್ಟಿಗೆಯೂ ರಾಣಿಹುಳ ಇಲ್ಲದೆ ಉಳಿಯಲಿಲ್ಲ. ಕೃಷಿಭವನದವರು ಬಂದು ನೋಡಿ ಹೋದರು. ಅವಳು ಅವರ ಜೊತೆಗೂ ಹೆಚ್ಚು ಮಾತಾಡಲಿಲ್ಲ.

ಹೇಳಬೇಕಾದ್ದು ಒಂದೇ. ಈ ವರ್ಷದ ಲೇಬಲ್ಲಿನಲ್ಲಿ ಹೆಸರು ಬೇಡ, ಬರೀ 'ಜೇನು' ಎಂದು ಹಾಕಿ ಎಂದು ಪ್ರೆಸ್ಸಿನವನಿಗೆ ಹೇಳಿ ಬಂದಿದ್ದಾಳೆ. ಯಾಕೆ ಎಂದು ಕೇಳಿದೆ. "ತಪ್ಪು ಮಾಡಿದವರ ಹೆಸರು ಯಾಕೆ" ಎಂದಳು. ನಾನು ಪೋರ್ಟಿನವನು, ನಿಮ್ಮ ಅಕ್ಕ-ತಮ್ಮನ ನಡುವೆ ಬರುವುದಿಲ್ಲ. ತಿಳಿದಿರಲಿ ಎಂದು ಬರೆದೆ, ಅಷ್ಟೆ.

ಉಪೇಂದ್ರ

*

ಉಳ್ಳೂರ್
23 ಡಿಸೆಂಬರ್ 2002

ಅಕ್ಕ,

ನಿನ್ನೆ ವರ್ಷದ ಕೊನೆಯ ಸಭೆ ಇತ್ತು. ಲೆಕ್ಕಪತ್ರ ಮಂಡನೆ ಆಯಿತು, ವಂದನಾರ್ಪಣೆ ಆಯಿತು, ಉಪ್ಪಿಟ್ಟಿನ ಪಾತ್ರೆ ಬಂದು ಬಾಗಿಲಲ್ಲಿ ನಿಂತಿತ್ತು. ಎಲ್ಲರೂ ಏಳುವಾಗ ನಾನು "ಒಂದು ನಿಮಿಷ" ಎಂದೆ. ದೀಪ್ತಿ ಹಿಂದಿನ ಸಾಲಿನಲ್ಲಿ ಕೂತಿದ್ದಳು, ಅವಳಿಗೂ ನಾನು ಮೊದಲೇ ಹೇಳಿರಲಿಲ್ಲ.

ಸೆಪ್ಟೆಂಬರ್ ಸಭೆಯಲ್ಲಿ ನಾನು ನನ್ನ ಅಕ್ಕನ ಪರವಾಗಿ ಕ್ಷಮೆ ಕೇಳಿದ್ದೆ, ಅದನ್ನು ಈಗ ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಅವಳಿಂದ ತಪ್ಪಾಗಿಲ್ಲ, ಅವಳನ್ನು ಒಂದು ಮಾತು ಕೇಳದೆ ಎದ್ದು ನಿಂತ ನನ್ನಿಂದ ಆಗಿದೆ ಎಂದೆ.

ವಿಠಲ ರಾಯರು ಕನ್ನಡಕ ತೆಗೆದು, "ಹೊಸ ಸಾಕ್ಷಿ ಏನಾದರೂ ಸಿಕ್ಕಿತಾ ಗಣೇಶಪ್ರಸಾದ್" ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಯಾವ ಆಧಾರ ಎಂದರು. "ಅಕ್ಕ ಹೇಳಿದ್ದಾಳೆ" ಎಂದೆ. ಎಲ್ಲರೂ ನಕ್ಕರು ಅಕ್ಕ. ನಗದೆ ಇರುತ್ತಾರಾ, ಒಂದು ಬಸ್ ಬಾಡಿಗೆಗೂ ರಸೀದಿ ಕೇಳುವ ಕಾರ್ಯದರ್ಶಿ ನಾನು. ಇಂದುಮತಿ ಟೀಚರ್ ಮಾತ್ರ ನಗಲಿಲ್ಲ. "ಅಕ್ಕ ಹೇಳಿದ್ದಾಳೆ ಎಂಬುದು ಸಾಕ್ಷಿಯಾ" ಎಂದು ಪಾಠ ಕೇಳುವ ಹಾಗೆ ಕೇಳಿದರು. "ನಿಮಗೆ ಆಗಬೇಕಾಗಿಲ್ಲ ಟೀಚರ್, ನನಗೆ ಹೌದು" ಎಂದೆ. ಆಮೇಲೆ ಕಾರ್ಯದರ್ಶಿ ಬೇರೆಯವರು ಬೇಕಾದರೆ ಆಗಲಿ ಎಂದೂ ಹೇಳಿದೆ. ಅದಕ್ಕೆ ಯಾರೂ ಮುಂದೆ ಬರಲಿಲ್ಲ. ರಸೀದಿ ಬರೆಯುವ ಕೆಲಸ ಯಾರಿಗೂ ಬೇಡ.

ಉಪ್ಪಿಟ್ಟು ತಿನ್ನುವಾಗ ವಿಠಲ ರಾಯರು ಹತ್ತಿರ ಬಂದರು. ಫೆಬ್ರವರಿಯಲ್ಲಿ ನಾವೆಲ್ಲ ಒಂದು ವ್ಯಾನು ಮಾಡಿಕೊಂಡು ಹೋಗಿ ನೋಡೋಣವಾ ಎಂದರು. ನೀವು ಹೋಗಿ ನೋಡಿ, ನನ್ನದು ಮುಗಿಯಿತು ಎಂದೆ.

ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಎದ್ದು ನಿಲ್ಲುವಾಗ ನನಗೆ ಪೂರ್ತಿ ನಂಬಿಕೆ ಇತ್ತಾ ಎಂದು ಕೇಳಿದರೆ ಗೊತ್ತಿಲ್ಲ. ಹೆಸರಿಲ್ಲದ ಬಾಟಲಿಯನ್ನು ಮಾತ್ರ ನನ್ನಿಂದ ನೆನೆಯಲು ಆಗಲಿಲ್ಲ. ಆದರೆ "ಅಕ್ಕ ಹೇಳಿದ್ದಾಳೆ" ಎಂದು ಬಾಯಿಂದ ಬಂದ ಮೇಲೆ ಒಳಗೆ ಒಂದು ಚೂರೂ ಸಂಶಯ ಉಳಿಯಲಿಲ್ಲ. ಅಷ್ಟು ಜನ ನಗುತ್ತಿದ್ದರು, ನನಗೆ ನಾಚಿಕೆಯೇ ಆಗಲಿಲ್ಲ. ಮನೆಗೆ ಬಂದು ಚಪಾತಿಗೆ ಜೇನು ಕೇಳಿದೆ. ದೀಪ್ತಿ ಕೊಟ್ಟಳು.

ನಿನ್ನ ತಮ್ಮ,
ಗಣೇಶ

*

ವಿಲ್ಲಿಂಗ್ಡನ್ ಐಲ್ಯಾಂಡ್
6 ಜನವರಿ 2003

ಗಣೇಶ, ನನ್ನ ತಮ್ಮ,

ನಿನ್ನ ಪತ್ರವನ್ನು ಭಾವನಿಗೆ ಓದಿ ಹೇಳಿದೆ. ಅವರು ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದುವಾಗ "ಅಕ್ಕ ಹೇಳಿದ್ದಾಳೆ" ಎಂಬಲ್ಲಿ ಪತ್ರವನ್ನು ಅವರ ಕೈಗೆ ಕೊಟ್ಟೆ, ಅಲ್ಲಿಂದ ಮುಂದೆ ಅವರೇ ಓದಿದರು. ಮರುದಿನ ಕೋಲಂಚೇರಿಗೆ ತೆಗೆದುಕೊಂಡು ಹೋಗಿ ಚೇಡತ್ತಿಗೂ ಮಲಯಾಳದಲ್ಲಿ ಹೇಳಿದೆ. ಅವರು ಒಳಗೆ ಹೋಗಿ ಕೇಕು ತಂದುಕೊಟ್ಟರು. ಕ್ರಿಸ್‌ಮಸ್ಸಿನದ್ದು ಉಳಿದಿತ್ತು.

ನನಗೆ ಹೆಮ್ಮೆಯಾಯಿತು ಗಣೇಶ. ನನ್ನ ಜೇನಿನ ಮೇಲೆ ನನಗೆ ಯಾವತ್ತೂ ಹೆಮ್ಮೆ ಉಂಟು, ಅದಕ್ಕೆ ಯಾರ ಸರ್ಟಿಫಿಕೇಟೂ ಬೇಡ. ಇದು ನಿನ್ನ ಮೇಲೆ ಆದದ್ದು. ಕೈಯಲ್ಲಿ ಎಂತದೂ ಇಲ್ಲದೆ ಎದ್ದು ನಿಲ್ಲುವುದು ನಿನ್ನಂಥವನಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತುಂಟು. ಬಸ್ ಟಿಕೇಟನ್ನೂ ಮನೆಗೆ ತಂದು ಜೋಪಾನ ಮಾಡುವ ಹುಡುಗ ನೀನು. ಅವರು ನಕ್ಕರು ಎಂದು ಓದುವಾಗ ನನಗೆ ಅಳು ಬಂತು, ಆಮೇಲೆ ನಗುವೂ ಬಂತು. ನಗಲಿ ಬಿಡು. ಅವರಲ್ಲಿ ಎಷ್ಟು ಮಂದಿಗೆ ಹೀಗೆ ಹೇಳುವ ತಮ್ಮ ಇದ್ದಾನೆ ಎಂದು ನೋಡೋಣ.

ಪ್ರೆಸ್ಸಿನವನ ಹತ್ತಿರ ಹೋಗಿ ಹೆಸರು ಹಾಕಲು ಹೇಳಿ ಬಂದೆ. ಅವನು ಆ ಅಚ್ಚನ್ನು ತೆಗೆದಿರಲೇ ಇಲ್ಲ. ಚೇಚಿಗೆ (ಅವನಿಗೂ ನಾನು ಅಕ್ಕನೇ) ಸಿಟ್ಟು ಇಳಿಯುತ್ತದೆ ಎಂದು ಗೊತ್ತಿತ್ತು ಎಂದ. ಎಲ್ಲರಿಗೂ ನನ್ನ ವಿಷಯ ನನಗಿಂತ ಹೆಚ್ಚು ಗೊತ್ತು.

ತೋಟದಲ್ಲಿ ಹಳೆಯ ಎಲೆಯೆಲ್ಲ ಉದುರಿ ನೆಲ ಕಾಣುವುದಿಲ್ಲ, ನಡೆದರೆ ಚರಚರ ಎನ್ನುತ್ತದೆ. ಮೇಲೆ ಚಿಗುರು ತಾಮ್ರದ ಬಣ್ಣದಲ್ಲಿ ಬಂದಿದೆ. ರಬ್ಬರಿನ ಜೇನು ಹೂವಿನದ್ದಲ್ಲ ಎಂದು ನಿನಗೆ ಹೇಳಿದ್ದೇನಾ? ಮೂರು ಎಲೆ ಸೇರುವ ತೊಟ್ಟಿನ ತುದಿಯಲ್ಲಿ ಸಿಹಿ ಜಿನುಗುತ್ತದೆ, ಎಳೆ ಎಲೆ ಇರುವಷ್ಟು ದಿನ ಮಾತ್ರ. ನನ್ನ ಹುಳಗಳಿಗೆ ಅದು ನನಗಿಂತ ಮೊದಲೇ ಗೊತ್ತಾಗಿದೆ. ನಿನ್ನೆ ಎಲ್ಲ ಪೆಟ್ಟಿಗೆಗೂ ಮೇಲಿನ ಕೋಣೆ ಇಟ್ಟು ಬಂದೆ. ಹೊಸದಾಗಿ ಪಾಲು ಮಾಡಿದವೂ ಸೇರಿ ಸಾಲು ಈಗ ಚೇಡತ್ತಿಯ ಬಾವಿಯವರೆಗೆ ಹೋಗಿದೆ. ನೀನು ನೋಡಬೇಕು.

ವಿಠಲ ರಾಯರಿಗೆ ನಾನೇ ಕಾಗದ ಬರೆದಿದ್ದೇನೆ. ಫೆಬ್ರವರಿಯ ಮೂರನೆಯ ಭಾನುವಾರ ವ್ಯಾನು ಮಾಡಿಕೊಂಡು ಬರಲಿ. ಇಂದುಮತಿ ಟೀಚರ್ ಬೆರಳು ಹಾಕಿಯೇ ನೋಡಲಿ. ಅವರಿಗೆಲ್ಲ ಚೇಡತ್ತಿಯ ಚರ್ಚಿನಿಂದ ಕುರ್ಚಿ ತರಿಸುತ್ತೇನೆ. ನೆರಳಿನಲ್ಲಿ ಕೂತು, ಕಾಫಿ ಕುಡಿಯುತ್ತಾ, ಎಷ್ಟು ಹೊತ್ತು ಬೇಕಾದರೂ ಕಣ್ಣು ಬಿಟ್ಟು ನೋಡಲಿ.

ನಿನಗೆ ಕುರ್ಚಿ ಹೇಳಿಲ್ಲ. ನೋಡಲು ಬರುವವರಿಗೆ ಅಲ್ಲವಾ ಕುರ್ಚಿ. ನೀನು ದೀಪ್ತಿಯನ್ನು ಕರೆದುಕೊಂಡು ಹಿಂದಿನ ದಿನವೇ ಬಾ, ಒಂದು ಹಳೆಯ ಶರ್ಟು ತಾ. ಜೇನು ತೆಗೆಯುವ ಯಂತ್ರದ ಹಿಡಿ ತಿರುಗಿಸಲು ನನಗೆ ನಮ್ಮವರೇ ಒಬ್ಬರು ಬೇಕು.

ನಿನ್ನ ಅಕ್ಕ